ರಕ್ಷಿತಳ ಎಲೆಗೆ ಏನು ಬಡಿಸಲಿ

ಕೋಥರೂಡ, ಪುಣೆ
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ಭಾಮಕ್ಕನಿಗೆ ತಂಗಿ ಪಂಕಜಾಕ್ಷಿಯ ನಮಸ್ಕಾರಗಳು.

ನಾವು ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೆ ಇದ್ದೇವೆ ಎಂದೆ. ನೀವೆಲ್ಲ ಕ್ಷೇಮವಾಗಿರಬೇಕು. ಭಾವನ ಮೊಣಕಾಲು ಹೇಗಿದೆ? ಪಡುಬಿದ್ರಿಯಲ್ಲಿ ಮಳೆ ಜೋರಂತೆ, ಟಿವಿಯಲ್ಲಿ ತೋರಿಸಿದರು. ಇಲ್ಲಿಯದು ಮಳೆಯೇ ಅಲ್ಲ, ಬರೇ ಜಿಟಿಜಿಟಿ. ಸೀರೆಯ ಅಂಚು ಒದ್ದೆ ಮಾಡುವುದಕ್ಕೆಂದೇ ಬರುವ ಮಳೆ.

ಮೊನ್ನೆ ನೀನು ಫೋನಿನಲ್ಲಿ, "ಆಟಿ ಅಮಾವಾಸ್ಯೆ ಹತ್ತಿರ ಬಂತು ಪಂಕಜ, ರಕ್ಷಿತ ಹೋದ ಮೇಲೆ ಇದು ಮೊದಲ ಆಟಿ. ಎಲೆಗೆ ಅವಳಿಗೆ ಇಷ್ಟವಾದದ್ದೇ ಬೀಳಬೇಕು. ಏನೇನು ಮಾಡ್ತಿ?" ಎಂದು ಕೇಳಿದೆಯಲ್ಲ, ಆಗ ನಾನು "ಗ್ಯಾಸಿನ ಮೇಲೆ ಹಾಲಿದೆ" ಎಂದು ಫೋನು ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಗ್ಯಾಸೂ ಹಚ್ಚಿರಲಿಲ್ಲ. ಆಮೇಲೆ ನೀನು ಮಾಡಿದ ಫೋನು ಒಂದನ್ನೂ ಎತ್ತಲಿಲ್ಲ. ಸಿಟ್ಟು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಹೋದರೆ ಹೋಟೆಲಿನಲ್ಲಿ ಗೋಡೆಗೂ ಕಿವಿ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ನಾವು ಬಾಯಲ್ಲಿ ತುಳು, ಕಾಗದದಲ್ಲಿ ಕನ್ನಡ. ಕನ್ನಡದಲ್ಲಾದರೆ ಅಳು ಸ್ವಲ್ಪ ದೂರ ನಿಲ್ಲುತ್ತದೆ.

ಅಕ್ಕ, ನನ್ನ ಮಗಳಿಗೆ ಏನು ಇಷ್ಟ ಎಂದು ನನಗೆ ಗೊತ್ತಿಲ್ಲ.

ಬೊಜ್ಜದ ದಿನ, ಅವಳ ಉತ್ತರಕ್ರಿಯೆಗೆ, ನೀನೂ ಇದ್ದೆಯಲ್ಲ. ಎಲೆಗೆ ಕೋಳಿ ಸುಕ್ಕ, ನೀರುದೋಸೆ, ಗೋಳಿಬಜೆ ಎಲ್ಲ ಬಡಿಸಿ, ಅವಳನ್ನು ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಆಗ ನನ್ನ ಪಕ್ಕದಲ್ಲಿದ್ದವಳು ಯಶ್ಮಿತಾ. ವಾಕಡದಲ್ಲಿ ರಕ್ಷಿತಳ ಜೊತೆ ಫ್ಲ್ಯಾಟಿನಲ್ಲಿದ್ದ ಹುಡುಗಿ, ಹಿಂಜವಾಡಿಯಲ್ಲಿ ಕೆಲಸ, ದಾವಣಗೆರೆ ಕಡೆಯವಳು. ಅವಳು ನನ್ನ ಕಿವಿಯಲ್ಲಿ, "ಆಂಟಿ, ಸಾರಿ, ಹೇಳ್ಬಾರ್ದೇನೋ. ಬಟ್ ರಕ್ಷಿತ ನಾನ್‌ವೆಜ್ ಬಿಟ್ಟು ತುಂಬ ದಿನ ಆಗಿತ್ತು. ಪಕ್ಕದ ಫ್ಲ್ಯಾಟಿಂದ ಕೋಳಿ ಸ್ಮೆಲ್ ಬಂದ್ರೂ ಕಿಟಕಿ ಕ್ಲೋಸ್ ಮಾಡ್ತಿದ್ಲು" ಎಂದಳು.

ಬಾಗಿಲು ಮುಚ್ಚಿ ಆಗಿತ್ತು. ನಡುವೆ ತೆರೆಯುವಂತಿಲ್ಲ. ಒಳಗೆ ನನ್ನ ಮಗಳು ಬಂದು, ಕೋಳಿಯ ಎಲೆ ನೋಡಿ, ಮೂಗು ಮುಚ್ಚಿಕೊಂಡು ನಿಂತಿರಬಹುದು ಎಂದು ನನಗೆ ಹೊರಗೆ ನಿಂತಲ್ಲೇ ಕಾಣುತ್ತಿತ್ತು. ನೀನು "ಅಳಬೇಡ, ಉಣ್ಣುವಾಗ ಅಳಬಾರದು" ಎಂದೆ. ಅವಳು ಉಣ್ಣಲಿಲ್ಲ ಅಕ್ಕ. ಹಸಿದೇ ಹೋದಳು. ಹಸಿದು ಹೋದವರು ಕನಸಿನಲ್ಲಿ ಬಂದು ಕೇಳುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದರಲ್ಲ. ನನ್ನ ಮಗಳು ಕೇಳುವವಳೂ ಅಲ್ಲ. ಚಿಕ್ಕವಳಿದ್ದಾಗಲೂ ಬಡಿಸಿದ್ದನ್ನು ಬಿಟ್ಟು ಇನ್ನೊಮ್ಮೆ ಕೇಳಿದವಳಲ್ಲ. ಕೇಳಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ.

ನೋಡು ನನ್ನ ಹಣೆಬರಹ. ಕೋಥರೂಡಿನಲ್ಲಿ ನಮ್ಮ ಹೋಟೆಲಿಗೆ ಬರುವ ಜೋಶಿ ಅಜ್ಜನಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಕೊಡಬೇಕು ಎಂದು ನನಗೆ ಗೊತ್ತು. ಬ್ಯಾಂಕಿನ ಮೇಡಮ್ಮಿಗೆ ಉಪ್ಪಿಟ್ಟಿನಲ್ಲಿ ಶೇಂಗಾ ಸಿಕ್ಕರೆ ಆಗುವುದಿಲ್ಲ ಎಂದು ಗೊತ್ತು. ಊರಿಗೆಲ್ಲ ಬಡಿಸಿದವಳು ನಾನು. ನನ್ನ ಮಗಳದು ಎಂದರೆ, ಶಾಲೆಗೆ ಹೋಗುವಾಗ ತುಪ್ಪದ ಸಣ್ಣ ದೋಸೆ ಇಷ್ಟ, ಕಡ್ಲೆ ಮನೋಳಿಯ ಪಲ್ಯ ಇಷ್ಟ. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ವಾಕಡದ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದ ಮೇಲೆ, ಓಡಾಟ ಕಷ್ಟ ಎಂದು ಅಲ್ಲೇ ರೂಮು ಮಾಡಿದಳು. ಜಗಳ ಇಲ್ಲ, ಮಾತು ಬಿಟ್ಟದ್ದಿಲ್ಲ. ಇದೇ ಪುಣೆ, ಒಂದು ತುದಿಯಲ್ಲಿ ನಾವು, ಇನ್ನೊಂದು ತುದಿಯಲ್ಲಿ ಅವಳು. ಮೊದಲು ಪ್ರತಿ ವಾರ ಬರುತ್ತಿದ್ದಳು, ಆಮೇಲೆ ಹಬ್ಬಕ್ಕೆ. ದಿನಾ ಫೋನು ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಿದ್ದೆ. "ಆಯ್ತು" ಎನ್ನುತ್ತಿದ್ದಳು. ಏನು ಊಟ ಎಂದು ಯಾರು ಕೇಳುತ್ತಾರೆ? ನೀನು ಕೇಳುತ್ತೀಯಾ ನಿನ್ನ ಮಗ ಪೃಥ್ವಿರಾಜನಿಗೆ?

ಇವರು ಏನು ಹೇಳುತ್ತಾರೆ ಗೊತ್ತಾ? "ಎಂತ ಮಾರಾಯ್ತಿ, ತುಪ್ಪದೋಸೆ ಮಾಡಿ ಇಡು, ಸಾಕು. ಅಪ್ಪನ ಕಲ್ಲಿನ ದೋಸೆ ಬೇಡ ಅಂತಾಳಾ ಅವಳು?" ಅಷ್ಟು ಹೇಳಿ ಹೋಗಿ ದೋಸೆ ಭಟ್ಟನಿಗೆ ಇಲ್ಲದ ತಪ್ಪು ಹುಡುಕಿ ಬೈದರು. ಆ ಟ್ಯಾಂಕರು ಅವಳ ಸ್ಕೂಟರಿಗೆ ತಾಗಿದ ದಿನದಿಂದ ಊರಿಗೆಲ್ಲ ತನಿಯಪ್ಪಣ್ಣ ಆದ ಇವರು ಗಲ್ಲೆಯಲ್ಲಿ ಕೂತು ಗಿರಾಕಿಗಳ ಮುಖ ನೋಡುವುದು ಬಿಟ್ಟಿದ್ದಾರೆ. ಅವರನ್ನು ಕೇಳಿ ಪ್ರಯೋಜನ ಇಲ್ಲ.

ಯಶ್ಮಿತಾಳಿಗೆ ಫೋನು ಮಾಡಿದೆ. "ಮನೇಲಿ ಅವ್ಳು ತಿಂದಿದ್ದೇ ಕಮ್ಮಿ ಆಂಟಿ. ನಂದು ನೈಟ್ ಶಿಫ್ಟ್, ಅವ್ಳದು ಸ್ಕೂಲ್. ವೀಕೆಂಡ್ ಆದ್ರೆ ಸಿಟೀಲಿ ಎಲ್ಲೆಲ್ಲೋ ಸುತ್ತೋಳು. ಪೇಂಟ್ ಅಂಗಡಿ, ಮಡಕೆ ಅಂಗಡಿ, ಸಣ್ಣ ಸಣ್ಣ ಹೋಟ್ಲು. ನನ್ನೂ ಕರೀತಿದ್ಲು, ನಾನು ಮಲ್ಕೊಂಡಿರ್ತಿದ್ದೆ" ಎಂದು ಅತ್ತಳು. ಪಾಪ, ಅವಳನ್ನು ನಾನೇ ಸಮಾಧಾನ ಮಾಡಬೇಕಾಯಿತು. ಫೋನಿನಲ್ಲಿ ಫೋಟೋ ಇರಬಹುದು, ಆದರೆ ಆ ಫೋನು ರಸ್ತೆಯಲ್ಲೇ ಚೂರಾಯಿತಲ್ಲ.

ಆಗ ನೆನಪಾಯಿತು, ಅವಳ ರೂಮಿನಿಂದ ತಂದ ಸಾಮಾನಿನಲ್ಲಿ ಚೀಲಗಳ ಚೀಲ ಇತ್ತು. ನಮ್ಮ ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಅಂಗಡಿಯ ಚೀಲ ಬಿಸಾಡಲು ಮನಸ್ಸಾಗದೆ ಮಡಚಿ ಮಡಚಿ ಒಂದರೊಳಗೆ ಒಂದು ತುರುಕಿ ಇಡುವುದು. ಅದನ್ನು ನಾನೇ ಅವಳಿಗೆ ಕಲಿಸಿದ್ದು. ನೆಲಕ್ಕೆ ಸುರಿದು ಬಿಡಿಸಿ ನೋಡಿದೆ. ನಾನು ಪುಣೆಗೆ ಬಂದು ಇಷ್ಟು ವರ್ಷವಾದರೂ ಹೆಸರು ಕೇಳದ ಅಂಗಡಿಗಳು. ನನಗೆ ಗೊತ್ತಿರುವ ಪುಣೆ ಎಂದರೆ ಹೋಟೆಲು, ಮನೆ, ಮಾರ್ಕೆಟ್ ಯಾರ್ಡು, ಕನ್ನಡ ಸಂಘದ ಹಾಲ್, ಅಷ್ಟೇ. ಬೆಳಗಿನ ಗಿರಾಕಿ ಇಳಿದ ಮೇಲೆ ಕೊಡೆ ಹಿಡಿದು ಹೊರಟೆ. ಇವರಿಗೆ ಡೆಂಟಿಸ್ಟ್ ಎಂದೆ.

ಮೊದಲು ಹೋದದ್ದು ಸದಾಶಿವ ಪೇಠದ ಒಂದು ಓಣಿಗೆ. ಹಳೆಯ ವಾಡೆಯ ಕೆಳಗೆ ಬಣ್ಣ, ಬ್ರಶ್ಶು, ಕಾಗದ, ಫ್ರೇಮು ಮಾರುವ ಇಕ್ಕಟ್ಟಾದ ಅಂಗಡಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು. ಮಾಲೀಕರು ಫೋನಿನಲ್ಲಿ "ಏನ್ ಮಾಡಾಕತ್ತಿಯೋ" ಎನ್ನುವುದು ಕೇಳಿ ಜೀವ ಬಂದಂತಾಯಿತು. ಸಿದ್ದಲಿಂಗಪ್ಪ ಎಂದು ಹೆಸರು, ಬಯಲುಸೀಮೆಯ ಇಂಡಿ ಎಂಬ ಊರಿನವರು. ನಾನು ನನ್ನ ಮೊಬೈಲಿನಲ್ಲಿ ರಕ್ಷಿತಳ ಫೋಟೋ ತೋರಿಸಿದೆ.

"ಅಯ್ಯ, ನಮ್ಮ ಟೀಚರ್ ಅಲ್ಲೇನ್ರಿ! ಹೌದ್ರಿ, ಬರ್ತಾರ್ರಿ. ಶಾಲಿ ಹುಡುಗರಿಗೆ ಅಂತ ಹರಕು ಕಾಗದ ಎಲ್ಲಾ ಕೇಳಿ ಒಯ್ತಾರ. ಭಾಳ ದಿವಸ ಆತು, ಬಂದಿಲ್ಲ. ಆರಾಮ ಅದಾರಲ್ರಿ?"

ಅಕ್ಕ, ಆ ಮನುಷ್ಯನಿಗೆ ಸುದ್ದಿಯೇ ಗೊತ್ತಿರಲಿಲ್ಲ. ನಾನು ಹೇಳಬೇಕಾಯಿತು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಬಂದ ಗಿರಾಕಿಯನ್ನು "ನಂತರ ಯಾ" ಎಂದು, ಆಮೇಲೆ ಬರಲು ಹೇಳಿ ಕಳಿಸಿದರು. ನಾನು ನಾಚಿಕೆ ಬಿಟ್ಟು ಕೇಳಿದೆ, ಅವಳು ಇಲ್ಲಿ ಏನಾದರೂ ತಿನ್ನುತ್ತಿದ್ದಳಾ ಎಂದು. ಅವರಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕಾಣಲಿಲ್ಲ. ಅವರ ಕಡೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರಂತೆ. "ಎದುರಿಗೆ ಮಿಸಳ ಅಂಗಡಿ ಐತಲ್ರಿ, ಅಲ್ಲೇ ಹೋಗಾವ್ರು. ಮಿಸಳ ಅಂದ್ರ ಜೀವ ಅವರಿಗೆ" ಎಂದರು.

ಓಡಿದೆ. ಖಾರದ ಎಣ್ಣೆ ತೇಲುವ ಆ ಮಿಸಳ ತರಿಸಿ, ಹೇಗೆ ಮಾಡಿದ್ದಾರೆಂದು ನಾಲಿಗೆಯಲ್ಲಿ ಬಿಡಿಸಿ ನೋಡಿದೆ. ಮೊಳಕೆ ಬಂದ ಮಡಿಕೆಕಾಳು, ಸುಟ್ಟ ಒಣಕೊಬ್ಬರಿ, ಸುಟ್ಟ ಈರುಳ್ಳಿ. ಮಾಡಬಹುದು, ನಾನು ಮಾಡಬಲ್ಲೆ ಎಂದು ಮನಸ್ಸು ಹಗುರವಾಯಿತು. ಕೈ ತೊಳೆದು ಗಲ್ಲೆಯವನಿಗೆ ಫೋಟೋ ತೋರಿಸಿದರೆ ಅವನು ಮರಾಠಿಯಲ್ಲಿ, "ಈ ಅಕ್ಕನಾ? ಇವರು ಮಿಸಳ ಮುಟ್ಟುತ್ತಿರಲಿಲ್ಲ. ಖಾರ ಆಗುವುದಿಲ್ಲ ಎಂದು ಬರೀ ಪಾವು, ಮೊಸರು, ಸ್ವಲ್ಪ ಶಿರಾ" ಎಂದ. ಬಣ್ಣದಂಗಡಿಯವರು ಹಾಗೆ ಹೇಳಿದರಲ್ಲ ಎಂದೆ. "ಅವರ ಜೊತೆ ಬರುವ ಹುಡುಗರಿಗೆ ಕೊಡಿಸುತ್ತಿದ್ದರು, ತಿನ್ನುವವರು ಅವರು" ಎಂದು ನಕ್ಕ. ಅವನಿಗೂ ಸುದ್ದಿ ಗೊತ್ತಿಲ್ಲ. ಅವನಿಗೆ ನಾನು ಹೇಳಲಿಲ್ಲ. ಒಂದೇ ಓಣಿಯಲ್ಲಿ ಎರಡು ಸಲ ಅವಳನ್ನು ಸಾಯಿಸಲು ನನ್ನಿಂದ ಆಗಲಿಲ್ಲ.

ಇನ್ನೊಂದು ಚೀಲ ಹಿಡಿದು ಮರುದಿನ ಡೆಕ್ಕನ್ ಕಡೆ ಹೋದೆ. ಕೈಯಿಂದ ಮಾಡಿದ ಕಾಗದ ಮಾರುವ ಅಂಗಡಿ. ಅಲ್ಲಿಯ ಹುಡುಗಿ ಫೋಟೋ ನೋಡಿ, ಇವರು ಪಕ್ಕದ ಅಮೃತತುಲ್ಯ ಚಹಾದಂಗಡಿಯಲ್ಲಿ ಕ್ರೀಮ್‌ರೋಲ್ ತಿನ್ನುತ್ತಿದ್ದರು ಎಂದಳು. ಚಹಾದವನು "ಕ್ರೀಮ್‌ರೋಲ್ ಅಲ್ಲ, ಚಹಾ ಮಾತ್ರ, ಸಕ್ಕರೆ ಕಮ್ಮಿ" ಎಂದ. ಅವನ ಹೆಂಡತಿ ಒಳಗಿನಿಂದ, "ಅದು ಬೇರೆ ಹುಡುಗಿ, ಕನ್ನಡಕದವಳು" ಎಂದಳು. ಮೂವರೂ ನನ್ನೆದುರು ವಾದ ಮಾಡಿದರು. ನಾನು ಸಿಟ್ಟಿನಿಂದ, "ನೀವು ಗಿರಾಕಿಯ ಮುಖ ನೋಡುವುದಿಲ್ಲವಾ? ನಾನೂ ಹೋಟೆಲಿನವಳೇ, ನನ್ನ ಗಿರಾಕಿ ಏನು ತಿಂತಾನೆ ಅಂತ ನನಗೆ ಗೊತ್ತು" ಎಂದು ಮರಾಠಿಯಲ್ಲಿ ಕೂಗಿದೆ. ಜನ ತಿರುಗಿ ನೋಡಿದರು. ಆ ಹೆಂಗಸು ಹೊರಗೆ ಬಂದು ನನ್ನ ಕೈಗೆ ಒಂದು ಲೋಟ ಚಹಾ ಕೊಟ್ಟಳು. ಚೆನ್ನಾಗಿತ್ತು, ಶುಂಠಿ ಏಲಕ್ಕಿ ಸರಿಯಾಗಿ ಬಿದ್ದಿತ್ತು. ಹಾಳಾದ ನಾಲಿಗೆ, ಅಳುವಾಗಲೂ ರುಚಿ ನೋಡುತ್ತದೆ.

ಅಂದು ಬಸ್ಸಿನಲ್ಲಿ ಬರುವಾಗ ಪ್ರತಿ ಓಣಿಯಲ್ಲೂ ಒಂದೊಂದು ಖಾನಾವಳಿ, ಒಂದೊಂದು ವಡಾಪಾವ್ ಗಾಡಿ, ಥಾಲಿಪೀಠದ ಬೋರ್ಡು. ಇಷ್ಟೊಂದು ಒಲೆ ಉರಿಯುವ ಊರಿನಲ್ಲಿ ಯಾವ ಒಲೆಯದು ನನ್ನ ಮಗಳ ಹೊಟ್ಟೆಗೆ ಹೋಯಿತು ಎಂದು ಹೇಗೆ ಹುಡುಕುವುದು? ಇಲ್ಲಿಗೆ ನಿಲ್ಲಿಸುತ್ತೇನೆ, ಹಾಲಿನವನು ಬಂದ.

ಬುಧವಾರ

ಅರ್ಧಕ್ಕೆ ಬಿಟ್ಟಿದ್ದೆ. ಇವರಿಗೆ ಡೆಂಟಿಸ್ಟಿನ ಸುಳ್ಳು ಗೊತ್ತಾಯಿತು. ಹಲ್ಲು ತೋರಿಸು ಎಂದರು. ನಾನು ಹಾಸಿಗೆಯ ಮೇಲೆ ಆ ಚೀಲಗಳನ್ನು ಹರವಿ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ನೀನು ಪೂನಾ ಇಡೀ ತಿರುಗಿದ್ರೆ ಅವಳು ಬರ್ತಾಳಾ?" ಎಂದರು. ಬರುವುದಿಲ್ಲ, ಅಮಾವಾಸ್ಯೆಗೆ ಒಂದು ಸಲ ಬರುತ್ತಾಳಲ್ಲ, ಆಗ ಉಣ್ಣಲಿಕ್ಕೆ ಎಂದೆ. ಆಮೇಲೆ ಅವರೇ ಒಂದು ಚೀಲ ಎತ್ತಿ, "ಇದು ಕುಂಭಾರವಾಡದ್ದು, ಕಸಬಾ ಪೇಠದ ಹತ್ತಿರ. ಮೆಟ್ರೋದಲ್ಲಿ ಹೋಗು, ಮಳೆಯಲ್ಲಿ ನೆನೆಯಬೇಡ" ಎಂದರು.

ಕುಂಭಾರವಾಡದಲ್ಲಿ ಗಣಪತಿಯ ಕೆಲಸ ಶುರುವಾಗಿದೆ. ಕೈಕಾಲಿಲ್ಲದ ಗಣಪತಿಗಳು ಮಳೆಗೆ ಪ್ಲಾಸ್ಟಿಕ್ ಹೊದ್ದು ಸಾಲಾಗಿ ಕೂತಿವೆ. ಇಂದೂ ಎಂಬ ಹೆಂಗಸಿನ ಮಣ್ಣಿನ ಸಾಮಾನಿನ ಅಂಗಡಿ ಸಿಕ್ಕಿತು. ದೀಪ, ಕುಡಿಕೆ, ಬಣ್ಣ ಬಳಿಯದ ಬೊಂಬೆ. ಇಂದೂಗೆ ಸುದ್ದಿ ಗೊತ್ತಿತ್ತು, ಶಾಲೆಯವರು ಹೇಳಿದ್ದರಂತೆ. ಫೋಟೋ ತೋರಿಸಿದ್ದೇ ತಡ ನನ್ನನ್ನು ಮಣ್ಣಿನ ಕೈಯಲ್ಲೇ ಅಪ್ಪಿಕೊಂಡಳು. ನನ್ನ ಸೀರೆಯ ಬೆನ್ನಿನಲ್ಲಿ ಎರಡು ಕೈ ಅಚ್ಚು ಬಿತ್ತು. ಮೆಟ್ರೋದಲ್ಲಿ ಹಿಂದೆ ನಿಂತವರು ಏನು ತಿಳಿದರೋ.

ಅವಳಲ್ಲಿ ರಕ್ಷಿತ ಹುಡುಗರಿಗಾಗಿ ಸಣ್ಣ ಸಣ್ಣ ಬೊಂಬೆ ಕೊಳ್ಳುತ್ತಿದ್ದಳಂತೆ, ಕೂತು ಮಣ್ಣು ತಟ್ಟುತ್ತಿದ್ದಳಂತೆ. "ಏನು ತಿನ್ನುತ್ತಿದ್ದಳು?" ಎಂದು ನಾನು ಬೇರೆಲ್ಲ ಬಿಟ್ಟು ಅದನ್ನೇ ಕೇಳಿದೆ. ಇಂದೂ ಯೋಚನೆಯನ್ನೇ ಮಾಡಲಿಲ್ಲ. ಬರುವಾಗ ಡಬ್ಬಿ ತರುತ್ತಿದ್ದಳು, ಜೋಳದ ಭಾಕರಿ, ಶೇಂಗಾ ಚಟ್ನಿ, ನನಗೂ ಅರ್ಧ ಕೊಡುತ್ತಿದ್ದಳು, ವಾಕಡದ ಹಳೇ ಊರಿನಲ್ಲಿ ರುದ್ರವ್ವ ಎಂಬವರ ಖಾನಾವಳಿಯದು ಎಂದಳು. ನಾನು ಮತ್ತೆ ಮತ್ತೆ ಕೇಳಿದೆ, ನಿಜವಾಗಿಯೂ ಅವಳೇ ತಿನ್ನುತ್ತಿದ್ದಳಾ, ನಿನ್ನ ಕಣ್ಣೆದುರಿಗೆ ತಿಂದಳಾ ಎಂದು. "ಚಟ್ನಿ ಬೆರಳಿನಲ್ಲಿ ಒರೆಸಿ ನೆಕ್ಕುತ್ತಿದ್ದಳು ತಾಯೀ" ಎಂದಳು ಇಂದೂ. ಅದು ನನ್ನ ಮಗಳೇ. ಅದಕ್ಕೆ ಅವಳಿಗೆ ನಾನು ಎಷ್ಟು ಸಲ ಕೈಗೆ ಹೊಡೆದಿಲ್ಲ!

ಅಲ್ಲಿಂದ ನೇರ ವಾಕಡಕ್ಕೆ. ಹಿಂಜವಾಡಿಯ ಟ್ರಾಫಿಕ್ಕು ನಿನಗೆ ಹೇಳಿದರೆ ಅರ್ಥವಾಗುವುದಿಲ್ಲ ಅಕ್ಕ. ಕಂಪೆನಿಯ ಕ್ಯಾಬುಗಳು ಹಿಂದೆ ಮುಂದೆ, ಅಕ್ಕಪಕ್ಕ, ರಿಕ್ಷಾದಲ್ಲಿ ನಾನು. ಅವಳು ಬಿದ್ದ ಜಾಗ ಅದೇ ದಾರಿಯಲ್ಲಿ. ರಿಕ್ಷಾ ಸರಿಯಾಗಿ ಅಲ್ಲೇ ನಿಂತಿತು, ಮುಂದೆ ಹೋಗಲೊಲ್ಲದು. ನಾನು ಕಣ್ಣು ಮುಚ್ಚಿ ಮಡಿಲಲ್ಲಿದ್ದ ಖಾಲಿ ಚೀಲವನ್ನು ಮಡಚುತ್ತಾ ಬಿಡಿಸುತ್ತಾ ಕೂತೆ. ರಿಕ್ಷಾದವನು "ಕಾಯ್ ಝಾಲಂ ಆಯೀ?" ಎಂದು ಕೇಳಿದ. ಏನೂ ಇಲ್ಲ, ಬೇಗ ಹೋಗು ಎಂದೆ.

ಎತ್ತರದ ಟವರುಗಳ ಹಿಂದೆ ಹಳೆಯ ವಾಕಡ ಊರು ಇನ್ನೂ ಇದೆ, ಮಾರುತಿ ಗುಡಿ, ಎಮ್ಮೆ ಕಟ್ಟುವ ಜಾಗ ಎಲ್ಲ. ರುದ್ರವ್ವನ ಖಾನಾವಳಿ ಎಂದರೆ ಮನೆಯ ಮುಂದಿನ ಪಡಸಾಲೆ. ಜಮಖಂಡಿ ಕಡೆಯವರು. ರೊಟ್ಟಿ ಬಡಿಯುವ ಸಪ್ಪಳ ಹೊರಗೇ ಕೇಳುತ್ತಿತ್ತು. ನಾನು ಕೂತೆ. ಏನೂ ಕೇಳುವ ಮೊದಲೇ ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ ಎನ್ನುವ ಅದೇ ಚಟ್ನಿ, ಹಸಿ ಈರುಳ್ಳಿ ತಂದಿಟ್ಟರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ. ಫೋಟೋ ತೋರಿಸಿದೆ. ರುದ್ರವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿ, "ನಮ್ಮ ರಕ್ಷಿ ಅಲ್ಲೇನ್ರಿ ಇದು" ಎಂದರು. ಆಮೇಲೆ ಗೋಡೆಗೆ ಒರಗಿ ಕೂತರು. ಅವಳು ಹೋದದ್ದು ಅವರಿಗೆ ಗೊತ್ತಿತ್ತು. ಆ ದಿನ ಒಲೆ ಹಚ್ಚಲಿಲ್ಲವಂತೆ.

"ಬಂದ ಕೂಡ್ಲೆ ಒಳಗ ಬಂದು ಒಲಿ ಮುಂದಽ ಕುಂದರತಿದ್ಲರಿ. ಖುರ್ಚಿ ಬ್ಯಾಡ ಅಕೀಗೆ. ಹಂಚಿನ ಮ್ಯಾಲಿಂದ ಇಳಿಸಿದ ರೊಟ್ಟಿ ಕೈಯಾಗ ಕೊಡಬೇಕು. ಪಲ್ಯಾ ಯಾವದ ಇರಲಿ, ಹಿಂಡಿ ಮಾತ್ರ ಎರಡ ಸಲ ಹಾಕಿಸ್ಕೋತಿದ್ಲು. ಕಡೀಕ ಮಜ್ಜಿಗಿ, ಅದಕ ಚೂರು ಬೆಲ್ಲ."

ಕೇಳು ಅಕ್ಕ, ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಇನ್ನೊಮ್ಮೆ ಕೇಳದವಳು ಇಲ್ಲಿ ಕೇಳಿ ಹಾಕಿಸಿಕೊಂಡಳು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆ ಇಲ್ಲ. ಆಯಿತು. ಆ ಹೆಂಗಸಿನ ಒಲೆ, ಹಂಚು, ರೊಟ್ಟಿ ಬಡಿಯುವ ಕೈ, ಎಲ್ಲದರ ಮೇಲೂ ಆಯಿತು. ಹಾಗೆಯೇ ಆ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಅವಳು ಹಸಿದಿರಲಿಲ್ಲವಲ್ಲ, ಯಾರೋ ಒಬ್ಬರು ಬಿಸಿಯಾಗಿ ಹಾಕಿದರಲ್ಲ. ಕೂತು ಆ ರೊಟ್ಟಿ ತಿನ್ನಲು ನೋಡಿದೆ. ಒಂದು ತುತ್ತು ಇಳಿಯಿತು, ಆಮೇಲೆ ಇಳಿಯಲಿಲ್ಲ. ಉಳಿದದ್ದನ್ನು ರುದ್ರವ್ವ ಕಟ್ಟಿಕೊಟ್ಟರು. ಇವರು ರಾತ್ರಿ ಅದನ್ನು ಒಂದು ಚೂರೂ ಬಿಡದೆ ತಿಂದರು. ಹೇಗಿದೆ ಎಂದು ಕೇಳಿದರೆ ಎದ್ದು ಕೈ ತೊಳೆಯಲು ಹೋದರು.

ಈಗ ಎಲೆಯ ಚಿಂತೆ ಮುಗಿಯಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಬೆಲ್ಲ ಹಾಕಿದ ಮಜ್ಜಿಗೆ. ನಮ್ಮ ಕುಲದಲ್ಲಿ ಯಾರಾದರೂ ಸತ್ತವರಿಗೆ ಇಡುವ ಅಗೆಲಿನ ಎಲೆಗೆ ಜೋಳದ ರೊಟ್ಟಿ ಬಡಿಸಿದ್ದು ನೀನು ಕೇಳಿದ್ದೀಯಾ? ದೈವದ ಚಾಕರಿ ಮಾಡುವ ನಿಮ್ಮ ಓಣಿಯ ಹಿರಿಯರಿಗೆ ಹೇಳಬೇಡ, ಇಲ್ಲದ ರಗಳೆ ತೆಗೆಯುತ್ತಾರೆ. ರೊಟ್ಟಿ ಬಡಿಯಲು ಕಲಿಯುತ್ತಿದ್ದೇನೆ. ಇಷ್ಟು ವರ್ಷ ಹೋಟೆಲು ನಡೆಸಿದವಳ ಕೈಯಲ್ಲಿ ರೊಟ್ಟಿ ನಾಲ್ಕು ದಿಕ್ಕಿಗೆ ಹರಿಯುತ್ತದೆ. ನಮ್ಮ ಅಡುಗೆಯವರು ಬಾಯಿ ಮುಚ್ಚಿ ನಗುತ್ತಾರೆ. ನಗಲಿ. ಅಮಾವಾಸ್ಯೆಯೊಳಗೆ ಒಂದಾದರೂ ಉರುಟಾಗಿ ಬರಬೇಕು, ಬಾರದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ನೀನು ಈ ಮಳೆಯಲ್ಲಿ ಭಾವನನ್ನು ಬಿಟ್ಟು ಬರುವ ತೊಂದರೆ ತೆಗೆದುಕೊಳ್ಳಬೇಡ. ನಾನೇ ಬಡಿಸುತ್ತೇನೆ. ಭಾವನಿಗೆ ನಮಸ್ಕಾರ ಹೇಳು, ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಿಕ್ಕು. ಪೃಥ್ವಿರಾಜನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ. ಅವರು ನೂರು ವರ್ಷ ಇರಲಿ, ತಾಯಿಯ ಕಣ್ಣೆದುರಿಗೆ ಇರಲಿ. ಅವನು ಫೋನು ಮಾಡಿದಾಗ ಏನು ಊಟ ಎಂದು ಒಂದು ಮಾತು ಕೇಳು.

ನಿನ್ನ ತಂಗಿ,
ಪಂಕಜ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ರುದ್ರವ್ವನ ಮನೆಯಲ್ಲಿ ಆದದ್ದೆಲ್ಲ ನಾನು ಬರೆಯಲಿಲ್ಲ. ನಿನಗೆ ಬರೆಯದಿದ್ದರೆ ಇನ್ನು ಯಾರಿಗೆ ಹೇಳಲಿ?

ಫೋಟೋ ನೋಡಿ ಅತ್ತ ಮೇಲೆ ರುದ್ರವ್ವ, "ನೀವು ಅಕೀಗೆ ಏನ ಆಗಬೇಕ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ತಾಯಿ ಇಲ್ಲದ ಕೂಸು ಅಂತ ನಾ ದಿನಾ ಒಂದ ರೊಟ್ಟಿ ಜಾಸ್ತೀನ ಹಾಕತಿದ್ನಿರಿ" ಎಂದರು. ಅಮ್ಮ ತೀರಿಹೋಗಿದ್ದಾಳೆ ಎಂದು ರಕ್ಷಿತ ಅವರಿಗೆ ಹೇಳಿದ್ದಳು ಅಕ್ಕ. ಅಪ್ಪ ಇದ್ದಾರೆ, ಹೋಟೆಲು ಇದೆ, ಅಮ್ಮ ಮಾತ್ರ ಇಲ್ಲ. ಅವರ ಎದುರಿಗೆ ನಾನು ತಾಯಿ ಎಂದು ಹೇಗೆ ಹೇಳಲಿ? ನಿನ್ನ ಹೆಸರು ಹೇಳಿದೆ. ನಾನು ಭಾಮಾ, ಅವಳ ದೊಡ್ಡಮ್ಮ ಎಂದೆ.

ಆಗ ಅವರು ಹೇಳಿದ್ದು ಕೇಳು, ನಮ್ಮ ಆಟಿ ಅಮಾವಾಸ್ಯೆಯೇ ಅವರಿಗೆ ನಾಗರ ಅಮಾಸಿ. "ಪ್ರತಿ ವರ್ಷ ನಾಗರ ಅಮಾಸಿ ದಿವಸ ತಪ್ಪದ ಬರಾಕಿರಿ. ಕೆಂಪನ್ನ ದಪ್ಪ ಅಕ್ಕಿ ತಾನಽ ತರಾಕಿ. ಗಂಜಿ ಮಾಡಿ ಕೊಡ್ರಿ ಮೌಶಿ, ನಮ್ಮವ್ವಗ ಎಡಿ ಇಡಬೇಕು ಅನ್ನಾಕಿ. ಹಸಿ ಮೆಣಸಿನಕಾಯಿ ಉಪ್ಪಿನಾಗ ಹಿಚುಕಿ ಮ್ಯಾಲ ಕೊಬ್ಬರಿ ಎಣ್ಣಿ. ತಲಿಗೆ ಹಚ್ಚೂ ಎಣ್ಣಿ ಯಾರರೆ ಉಣತಾರೇನವಾ ಅಂದ್ರ, ಅವರಿಗೆ ಅದಽ ಸೇರತಿತ್ರಿ ಅನ್ನಾಕಿ. ಒಳಗಿನ ಖೋಲ್ಯಾಗ ಬಡಿಸಿ, ಎಡಿ ಮುಂದ ಒಂದು ಖುರ್ಚಿ ಇಟ್ಟು, ಕದಾ ಮುಂದ ಮಾಡಿ ಹೊರಗ ನಿಂದರತಿದ್ಲು. ಖುರ್ಚಿ ಯಾಕವಾ ಅಂದ್ರ, ನಮ್ಮವ್ವ ದಿನಾ ನಿಂತಽ ಉಣತಿದ್ಲು, ಇಲ್ಲೆರೆ ಕುಂತು ಉಣ್ಣಲಿ ಅಂದ್ಲರಿ."

ಮಧ್ಯಾಹ್ನ ಗಿರಾಕಿ ಇಳಿದ ಮೇಲೆ ಗ್ರೈಂಡರಿನ ಪಕ್ಕದಲ್ಲಿ ನಿಂತು ನಾನು ಉಣ್ಣುವುದು ಅದನ್ನೇ. ಹಸಿಮೆಣಸು, ಉಪ್ಪು, ತೆಂಗಿನೆಣ್ಣೆ. ಇವರಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅವಳು ಯಾವಾಗ ನೋಡಿದಳು? ನೋಡಿದವಳು ನನ್ನನ್ನು ಯಾಕೆ ಸಾಯಿಸಿದಳು? ಜಗಳ ಆಗಿದ್ದರೆ ಕಾರಣವಾದರೂ ಇರುತ್ತಿತ್ತು. ದಿನಾ ಫೋನಿನಲ್ಲಿ ನನ್ನ ಹತ್ತಿರ "ಆಯ್ತು" ಎನ್ನುತ್ತಿದ್ದಳಲ್ಲ ಅಕ್ಕ, ಯಾರ ಹತ್ತಿರ ಮಾತಾಡುತ್ತಿದ್ದಳು?

ಬರುವಾಗ ರುದ್ರವ್ವ ನನ್ನ ಗಲ್ಲ ಸವರಿ, "ನಿಮ್ಮ ತಂಗಿ ಭಾಳ ಪುಣ್ಯವಂತಿರಿ. ಸತ್ತ ಮ್ಯಾಲೂ ಹೊಟ್ಟಿ ನೋಡೂ ಮಗಳು ಎಲ್ಲಾರಿಗೂ ಸಿಗೂದಿಲ್ಲ" ಎಂದರು. ಹೌದು ಎಂದು ಹೇಳಿ ಬಂದೆ.

ಶಾಸ್ತ್ರ ಸಂಪ್ರದಾಯ ನಿನಗೆ ಗೊತ್ತು, ನೀನೇ ಹೇಳು. ಅಗೆಲಿನ ಎಲೆ ಹಾಕಿಸಿಕೊಂಡವಳು ಇನ್ನೊಬ್ಬರಿಗೆ ಅಗೆಲು ಬಡಿಸಬಹುದಾ? ಮೇಲೆ ಬರಬೇಡ ಎಂದು ಬರೆದಿದ್ದೇನೆ, ಅದನ್ನು ಓದಬೇಡ. ಬಾ ಅಕ್ಕ. ಅಡುಗೆ ನಾನು ಮಾಡುತ್ತೇನೆ, ಎಲೆಗೆ ನೀನು ಬಡಿಸು, ಹೆಸರು ಹಿಡಿದು ನೀನೇ ಕರೆ. ನನ್ನ ಸ್ವರ ಕೇಳಿದರೆ, ಅಮ್ಮ ಇಲ್ಲವಲ್ಲ ಎಂದು ಅವಳು ಬಾಗಿಲಿನಿಂದಲೇ ತಿರುಗಿ ಹೋದಾಳು, ಉಣ್ಣದೆ.